ಮಕ್ಕಳ ಗೊರಕೆಯೂ ತಾಯ್ತಂದೆಗಳ ಎಚ್ಚರವೂ

ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ ಎಂಬ ಗಾದೆಯು ನಮ್ಮಲ್ಲಿ ಪ್ರಸಿದ್ಧವಾಗಿರುವುದಷ್ಟೆ. ಚಿಂತೆಯೆಂಬುದನ್ನೇ ಅರಿಯದ ಮಕ್ಕಳಾದರೋ ಹಗಲೆಲ್ಲ ಆಡಿ ಬಳಲಿ, ಉಂಡ ಕೈ ಒಣಗುವುದರೊಳಗಾಗಿ ನಿದ್ರಿಸುವರು. ಹಾಗೆ ನಿದ್ರಿಸಿದ ಮಗುವು ಗೊರಕೆ ಹೊಡೆಯತೊಡಗಿದರೆ, “ಪಾಪ, ಕೂಸು ದಣಿದಿದೆ, ಒಳ್ಳೆಯ ನಿದ್ದೆ ಹತ್ತಿದೆ” ಎಂದು ಅಜ್ಜಿಯು ಹೊದಿಕೆಯನ್ನು ಸರಿಪಡಿಸುವುದೂ, “ತಾತನದೇ ಗೊರಕೆ ಬಂದಿದೆ” ಎಂದು ಮಿಕ್ಕವರು ನಗುವುದೂ ಅನೇಕ ಮನೆಗಳಲ್ಲಿ ಉಂಟು. ಇದರಲ್ಲಿ ಹಿರಿಯರ ವಾತ್ಸಲ್ಯವು ಕಾಣುವುದೇ ಹೊರತು ಬೇರೆ ದೋಷವಿಲ್ಲ. ಆದರೆ ಗೊರಕೆಯು ಸುಖನಿದ್ರೆಯ ಗುರುತೆಂಬ ನಂಬಿಕೆಯು ಮಾತ್ರ ಸರಿಯಾದುದಲ್ಲ. ಉಸಿರಿನ ದಾರಿಯು ಇಕ್ಕಟ್ಟಾದಾಗ ಗಾಳಿಯು ತೂರಿಕೊಂಡು ಹೋಗುವ ಸದ್ದೇ ಗೊರಕೆ. ಪ್ರತಿರಾತ್ರಿಯೂ ಈ ಸದ್ದು ಕೇಳಿಬರುವ ಮಗುವಿನ ವಿಷಯದಲ್ಲಿ ತಾಯ್ತಂದೆಗಳು ಏನನ್ನು ಗಮನಿಸಬೇಕು, ಏನನ್ನು ಮಾಡಬೇಕು ಎಂಬುದನ್ನು ನಾವು ಇಲ್ಲಿ ವಿವರಿಸಬೇಕೆಂದಿರುವೆವು.

ಮೊದಲೇ ಒಂದು ಮಾತನ್ನು ಹೇಳಿಬಿಡುವುದು ಒಳ್ಳೆಯದು. ಗೊರಕೆ ಹೊಡೆಯುವ ಮಕ್ಕಳೆಲ್ಲರೂ ರೋಗಿಗಳಲ್ಲ. ನೆಗಡಿಯಿಂದ ಮೂಗು ಕಟ್ಟಿದಾಗ ನಾಲ್ಕು ದಿನ ಗೊರಕೆ ಬಂದು, ನೆಗಡಿಯೊಡನೆಯೇ ಅದೂ ಹೊರಟುಹೋಗುವುದು ಸಾಮಾನ್ಯ. ಅದಕ್ಕಾಗಿ ಯಾರೂ ಗಾಬರಿಪಡಬೇಕಾದುದಿಲ್ಲ. ಆದರೆ ನೆಗಡಿಯಿಲ್ಲದಿರುವಾಗಲೂ ವಾರದಲ್ಲಿ ಮೂರು ರಾತ್ರಿಗಳೋ ಅದಕ್ಕೂ ಹೆಚ್ಚೋ ಗೊರಕೆಯು ಕೇಳಿಬರುತ್ತಿದ್ದರೆ, ಅದು ವಿಚಾರಿಸತಕ್ಕ ವಿಷಯವೇ ಸರಿ. ಇಂತಹ ಮಕ್ಕಳಲ್ಲಿ ಕೆಲವರಿಗೆ ನಿದ್ರೆಯಲ್ಲಿ ಉಸಿರಿನ ದಾರಿಯು ಆಗಾಗ ಮುಚ್ಚಿಹೋಗುವ ರೋಗವಿರುವುದು. ವೈದ್ಯರು ಇದನ್ನು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಏಪ್ನಿಯ ಎಂದು ಕರೆಯುವರು. ನಿದ್ರೆಯ ಉಸಿರುಕಟ್ಟು ಎಂದು ನಾವು ಕನ್ನಡದಲ್ಲಿ ಹೇಳಬಹುದು. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಎಂಬ ಮಕ್ಕಳ ವೈದ್ಯರ ಸಂಘವು ಅನೇಕ ಸಂಶೋಧನೆಗಳನ್ನು ಪರಿಶೀಲಿಸಿ 2012ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ, ನೂರು ಮಕ್ಕಳಲ್ಲಿ ಸುಮಾರು ಒಬ್ಬರಿಂದ ಆರು ಮಂದಿಯವರೆಗೆ ಈ ರೋಗವಿರಬಹುದೆಂದು ಹೇಳಿರುವುದು. ಐವತ್ತು ಮಕ್ಕಳ ತರಗತಿಯೊಂದರಲ್ಲಿ ಇಂತಹವರು ಒಬ್ಬರೋ ಇಬ್ಬರೋ ಇರಬಹುದೆಂದಾಯಿತು. ವಾಡಿಕೆಯ ಆರೋಗ್ಯತಪಾಸಣೆಗಾಗಿ ಮಗುವನ್ನು ಕರೆತಂದಾಗ ವೈದ್ಯರು ಗೊರಕೆಯ ವಿಷಯವನ್ನು ಕೇಳಬೇಕೆಂಬುದು ಆ ಸಂಘದ ಸಲಹೆ.

ಈ ರೋಗವು ಉಂಟಾಗುವ ಬಗೆಯನ್ನು ತಿಳಿದುಕೊಳ್ಳುವುದು ಕಷ್ಟವಲ್ಲ. ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗಿನ ನಮ್ಮ ಗಂಟಲು ಎಲುಬಿನ ಕೊಳವೆಯಲ್ಲ. ಮೆತ್ತನೆಯ ಮಾಂಸದಿಂದಾದ ದಾರಿ. ಎಚ್ಚರವಿರುವಾಗ ಸುತ್ತಲಿನ ಸ್ನಾಯುಗಳು ಬಿಗಿಯಾಗಿದ್ದು ಅದನ್ನು ತೆರೆದಿಟ್ಟಿರುವುವು. ನಿದ್ರೆ ಹತ್ತಿದೊಡನೆ, ಅದರಲ್ಲಿಯೂ ಕನಸು ಕಾಣುವ ಹೊತ್ತಿನಲ್ಲಿ, ಆ ಸ್ನಾಯುಗಳು ಸಡಿಲವಾಗುವುವು. ನೆನೆದು ಮೆತ್ತಗಾದ ಕಾಗದದ ಕೊಳವೆಯಿಂದ ಎಳನೀರನ್ನು ಜೋರಾಗಿ ಹೀರಿದರೆ ಕೊಳವೆಯ ಪಕ್ಕಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ನಮ್ಮಲ್ಲಿ ಎಲ್ಲರೂ ಕಂಡಿರುವೆವು. ಇಕ್ಕಟ್ಟಾದ ಗಂಟಲಿನಲ್ಲಿಯೂ ಆಗುವುದು ಹಾಗೆಯೇ. ಮಕ್ಕಳಲ್ಲಿ ಈ ಇಕ್ಕಟ್ಟಿಗೆ ಮುಖ್ಯ ಕಾರಣವು ಎರಡು ಬಗೆಯ ಗ್ರಂಥಿಗಳು. ಬಾಯಿ ತೆರೆದರೆ ಗಂಟಲಿನ ಎರಡು ಪಕ್ಕಗಳಲ್ಲಿಯೂ ಕಾಣುವುವು ಟಾನ್ಸಿಲ್‌ಗಳು. ಮೂಗಿನ ಹಿಂದೆ, ಅಂಗುಳಿನ ಮೇಲೆ, ಹೊರಗೆ ಕಾಣದಂತೆ ಇರುವುದು ಅಡಿನಾಯ್ಡ್ ಗ್ರಂಥಿ. ಸುಮಾರು ಎರಡರಿಂದ ಎಂಟು ವರ್ಷದ ವಯಸ್ಸಿನಲ್ಲಿ ಈ ಗ್ರಂಥಿಗಳು ಗಂಟಲಿನ ಅಳತೆಗೆ ಮೀರಿ ದೊಡ್ಡವಾಗಿರುವುದರಿಂದ, ರೋಗವು ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಆ ವಯಸ್ಸಿನಲ್ಲಿಯೇ.

ದಾರಿಯು ಪೂರ್ತಿಯಾಗಿ ಮುಚ್ಚಿಹೋದಾಗ ಮಗುವಿನ ಎದೆಹೊಟ್ಟೆಗಳು ಏಳುತ್ತ ಬೀಳುತ್ತ ಇರುವುವು. ಗಾಳಿಯು ಮಾತ್ರ ಒಳಹೋಗದು. ರಕ್ತದಲ್ಲಿ ಪ್ರಾಣವಾಯುವು, ಎಂದರೆ ಆಮ್ಲಜನಕವು, ಇಳಿಯುವುದು. ಅಪಾಯವನ್ನರಿತ ಮಿದುಳು ನಿದ್ರೆಯನ್ನು ಕ್ಷಣಕಾಲ ಕಲಕುವುದು. ಮಗುವು ಗಕ್ಕನೆ ಉಸಿರೆಳೆದು, ಹೊರಳಿ, ಮರಳಿ ನಿದ್ರಿಸುವುದು. ಬೆಳಗ್ಗೆ ಇದಾವುದೂ ಅದಕ್ಕೆ ನೆನಪಿರದು. ದೊಡ್ಡವರಲ್ಲಿ ಉಸಿರು 10 ಸೆಕೆಂಡು ನಿಂತರೆ ಅದನ್ನು ಒಂದು ಉಸಿರುಕಟ್ಟೆಂದು ಎಣಿಸುವರು. ಮಕ್ಕಳಲ್ಲಿ ಎರಡು ಉಸಿರು ತಪ್ಪುವಷ್ಟು ಹೊತ್ತೇ ಸಾಕು. ದೊಡ್ಡವರಿಗೆ ಗಂಟೆಗೆ ಐದರವರೆಗೆ ಕ್ಷಮೆಯುಂಟು. ಮಕ್ಕಳಿಗೆ ಗಂಟೆಗೆ ಒಂದಕ್ಕಿಂತ ಹೆಚ್ಚಾದರೆ ಸಹಜವಲ್ಲವೆಂದೂ, ಹತ್ತನ್ನು ಮುಟ್ಟಿದರೆ ರೋಗವು ತೀವ್ರವೆಂದೂ ಲೆಕ್ಕ. ದೊಡ್ಡವರ ಅಳತೆಗೋಲಿನಿಂದ ಮಕ್ಕಳನ್ನು ಅಳೆಯಬಾರದೆಂಬುದು ಇದರಿಂದಲೇ ತಿಳಿಯುವುದು.

ರಾತ್ರಿಯಲ್ಲಿ ಕಾಣುವ ಲಕ್ಷಣಗಳು ಇವು: ಜೋರಾದ ಗೊರಕೆ, ನಡುವೆ ಥಟ್ಟನೆ ನಿಶ್ಶಬ್ದ, ಅದರ ಹಿಂದೆಯೇ ಏದುಸಿರೋ ಗುಟುಕು ಸದ್ದೋ, ಬಾಯಿ ತೆರೆದು ಮಲಗುವುದು, ಕತ್ತನ್ನು ಹಿಂದಕ್ಕೆ ಚಾಚಿ, ಇಲ್ಲವೆ ಕುಳಿತಂತೆ ಒರಗಿ ನಿದ್ರಿಸುವುದು, ಹಾಸಿಗೆಯೆಲ್ಲ ಹೊರಳಾಡುವುದು, ಚಳಿಯಲ್ಲಿಯೂ ತಲೆದಿಂಬು ನೆನೆಯುವಂತೆ ಬೆವರುವುದು, ಉಸಿರೆಳೆಯುವಾಗ ಪಕ್ಕೆಗಳ ನಡುವಣ ಮಾಂಸವು ಒಳಕ್ಕೆ ಸೆಳೆಯುವುದು. ಹಾಸಿಗೆಯಲ್ಲಿ ಮೂತ್ರಮಾಡುವ ರೂಢಿಯು ಬಿಟ್ಟುಹೋಗಿದ್ದ ಮಗುವು ಪುನಃ ಅದನ್ನು ತೊಡಗಿದರೆ ಅದೂ ಒಂದು ಸೂಚನೆ. ಈ ಲಕ್ಷಣಗಳು ಬೆಳಗಿನ ಜಾವದಲ್ಲಿ, ಕನಸಿನ ನಿದ್ರೆಯು ಹೆಚ್ಚಾದಾಗ, ಬಲವಾಗುವುದುಂಟು. ಆ ಹೊತ್ತಿನಲ್ಲಿ ಮನೆಯವರೂ ನಿದ್ರಿಸುತ್ತಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಗಲಿನ ಲಕ್ಷಣಗಳನ್ನು ಗುರುತಿಸುವುದು ಇನ್ನೂ ಕಷ್ಟ. ರಾತ್ರಿಯ ನಿದ್ರೆ ಕೆಟ್ಟ ದೊಡ್ಡವರು ಹಗಲಿನಲ್ಲಿ ತೂಕಡಿಸುವರು. ಮಕ್ಕಳಲ್ಲಿ ಅನೇಕರು ತೂಕಡಿಸುವುದಕ್ಕೆ ಬದಲಾಗಿ ಒಂದು ಕಡೆ ನಿಲ್ಲದೆ ಕುಣಿದಾಡುವರು, ಮಾತುಮಾತಿಗೆ ಸಿಡುಕುವರು, ಹಟಹಿಡಿಯುವರು. ಹೇಳಿದುದು ಮನಸ್ಸಿನಲ್ಲಿ ನಿಲ್ಲದು. ಕೆಲವರಿಗೆ ಬೆಳಗ್ಗೆ ಎದ್ದೊಡನೆ ತಲೆನೋವು. ಉಸಿರಿಗಾಗಿಯೇ ರಾತ್ರಿಯೆಲ್ಲ ದುಡಿಯುವ ಚಿಕ್ಕ ಮಗುವಿಗೆ ತಿಂದ ಅನ್ನವು ಮೈಗೆ ಹತ್ತದೆ ಬೆಳವಣಿಗೆಯು ಕುಂಠಿತವಾಗುವುದೂ ಉಂಟು; ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢನಿದ್ರೆಯಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬೇಕು. ಅಡಿನಾಯ್ಡ್ ದೊಡ್ಡದಾಗಿದ್ದರೆ ಕಿವಿಯೊಳಗೆ ದ್ರವವು ನಿಂತು ಕಿವಿ ಮಂದವಾಗುವುದರಿಂದ, ಕರೆದರೆ ಓಗೊಡದ ಮಗುವು ಉದ್ಧಟನೆಂಬ ಹೆಸರನ್ನು ಹೊರುವುದು. ತೀವ್ರವಾದ ರೋಗವನ್ನು ಬಹುಕಾಲ ಉಪೇಕ್ಷಿಸಿದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡವು ಏರಿ ಹೃದಯದ ಬಲಭಾಗಕ್ಕೆ ಆಯಾಸವಾಗುವುದು.

ಈ ಸಂಗತಿಯು ಹೊಸದೇನೂ ಅಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ವೈದ್ಯರಾದ ವಿಲ್‌ಹೆಲ್ಮ್ ಮೇಯರ್ ಎಂಬವರು ಮೂಗಿನ ಹಿಂದಿನ ಗ್ರಂಥಿಗಳು ಬೆಳೆದು ಮಕ್ಕಳನ್ನು ಪೀಡಿಸುವ ಬಗೆಯನ್ನು 1868ರಲ್ಲಿ ವರ್ಣಿಸಿದರು. 1889ರಲ್ಲಿ ವಿಲಿಯಂ ಹಿಲ್ ಎಂಬ ವೈದ್ಯರು, ಮಂದಬುದ್ಧಿಗಳೆನಿಸಿಕೊಂಡ ಕೆಲವು ಮಕ್ಕಳ ಮಂದತನಕ್ಕೆ ಮೂಗುಗಂಟಲುಗಳ ತಡೆಯೇ ಕಾರಣವೆಂದು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬರೆದರು. ಪ್ರಸಿದ್ಧರಾದ ವಿಲಿಯಂ ಆಸ್ಲರ್ ಅವರು 1892ರ ತಮ್ಮ ವೈದ್ಯಗ್ರಂಥದಲ್ಲಿ ಇಂತಹ ಮಕ್ಕಳ ಗೊರಕೆಯನ್ನೂ ನಡುನಡುವೆ ಉಸಿರು ನಿಲ್ಲುವುದನ್ನೂ ಸ್ಪಷ್ಟವಾಗಿ ಹೇಳಿರುವರು. ಆದರೂ ನಿದ್ರಿಸುವ ಮಕ್ಕಳ ಉಸಿರನ್ನು ಯಂತ್ರಗಳಿಂದ ಅಳೆದು ಈ ರೋಗವನ್ನು ಎಂಟು ಮಕ್ಕಳಲ್ಲಿ ಸ್ಥಾಪಿಸಿ ತೋರಿಸಿದುದು 1976ರಲ್ಲಿ, ಕ್ರಿಶ್ಚಿಯನ್ ಗಿಲ್ಲೆಮಿನೊ ಮತ್ತು ಅವರ ಸಂಗಡಿಗರು. 1998ರಲ್ಲಿ ಡೇವಿಡ್ ಗೋಜಾಲ್ ಎಂಬ ವೈದ್ಯರು ಅಮೆರಿಕದಲ್ಲಿ ಒಂದನೆಯ ತರಗತಿಯ, ಓದಿನಲ್ಲಿ ಅತ್ಯಂತ ಹಿಂದುಳಿದ 297 ಮಕ್ಕಳನ್ನು ಪರೀಕ್ಷಿಸಿದಾಗ, ಅವರಲ್ಲಿ 54 ಮಂದಿಗೆ ನಿದ್ರೆಯಲ್ಲಿ ಉಸಿರಾಟದ ತೊಂದರೆಯಿರುವುದು ಕಂಡುಬಂದಿತು. ಅವರ ಪೈಕಿ ಗ್ರಂಥಿಗಳನ್ನು ತೆಗೆಸಿಕೊಂಡ 24 ಮಕ್ಕಳು ಮುಂದಿನ ವರ್ಷದಲ್ಲಿ ಓದಿನಲ್ಲಿ ಮೇಲೆ ಬಂದರು. ಚಿಕಿತ್ಸೆ ಪಡೆಯದವರಲ್ಲಿ ಅಂತಹ ಸುಧಾರಣೆಯು ಕಾಣಲಿಲ್ಲ. ಓದಿನಲ್ಲಿ ಹಿಂದುಳಿಯುವುದಕ್ಕೆ ಕಾರಣಗಳು ನೂರಿರಬಹುದು. ಆದರೆ ಬೈಗುಳಕ್ಕೂ ಬೆತ್ತಕ್ಕೂ ಗುರಿಯಾಗುವ ಮಕ್ಕಳಲ್ಲಿ ಕೆಲವರ ತಪ್ಪು ಗಂಟಲಿನ ಇಕ್ಕಟ್ಟಲ್ಲದೆ ಬೇರೆಯಲ್ಲವೆಂಬುದನ್ನು ತಿಳಿದಾಗ ಯಾರ ಮನಸ್ಸು ತಾನೇ ನೋಯದು?

ನಮ್ಮ ಬೆಂಗಳೂರಿನ ಉತ್ತರಭಾಗದಲ್ಲಿ, ಎಂದರೆ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್. ಟಿ. ನಗರ ಮೊದಲಾದೆಡೆಗಳಲ್ಲಿ ವಾಸಿಸುವ ಸಂಸಾರಗಳು ಈ ವಿಷಯವನ್ನು ವಿಶೇಷವಾಗಿ ಯೋಚಿಸಬೇಕಾಗಿರುವುದು. ಹೆಬ್ಬಾಳದ ಮೇಲುಸೇತುವೆಯ ವಾಹನಸಂದಣಿಗೆ ಅಂಜಿ ಶಾಲೆಯ ಬಸ್ಸುಗಳು ನಸುಕಿನಲ್ಲಿಯೇ ಹೊರಡುವುವು. ತಂದೆಯು ಕಚೇರಿಯಿಂದ ಬಂದು ಊಟ ಮುಗಿಯುವುದು ತಡರಾತ್ರಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ರೆಯು ಬೇಕೆಂಬುದು ನಿದ್ರಾವೈದ್ಯರ ಮತ. ಅಷ್ಟು ನಿದ್ರೆ ದೊರೆಯದ ಮಗುವು ಬಸ್ಸಿನಲ್ಲಿ ತೂಗಾಡಿದರೆ ಅದು ನಿದ್ರೆ ಸಾಲದುದರ ಫಲವೆಂದು ಮನೆಯವರು ಸುಮ್ಮನಾಗುವುದು ಸಹಜ. ಆದುದರಿಂದ ಮೊದಲು ಎರಡು ವಾರ ಮಗುವನ್ನು ಹೊತ್ತಿಗೆ ಸರಿಯಾಗಿ ಮಲಗಿಸಿ ನೋಡಬೇಕು. ಸಾಕಷ್ಟು ಗಂಟೆ ಮಲಗಿದ ಮೇಲೆಯೂ ಆಯಾಸವು ಹೋಗದಿದ್ದರೆ, ಕೊರತೆಯಿರುವುದು ನಿದ್ರೆಯ ಅಳತೆಯಲ್ಲಲ್ಲ, ಗುಣದಲ್ಲಿ ಎಂದು ತಿಳಿಯಬಹುದು.

ಎರಡನೆಯದು ಗಾಳಿಯ ಮಾತು. ಮೂಗಿನ ಅಲರ್ಜಿಯಿರುವ ಮಕ್ಕಳಲ್ಲಿ ಈ ರೋಗವು ಹೆಚ್ಚು; ಮೂಗಿನೊಳಗಿನ ಪೊರೆಯು ಊದಿ, ದಾರಿಯು ಇನ್ನಷ್ಟು ಕಿರಿದಾಗುವುದೇ ಇದಕ್ಕೆ ಕಾರಣ. ಬೆಂಗಳೂರಾದರೋ ಅಲರ್ಜಿಗೆ ಹೆಸರಾದ ಊರು. ಈ ನಗರದ ಮಕ್ಕಳ ವೈದ್ಯರಾದ ಎಚ್. ಪರಮೇಶ್ ಅವರು ನಡೆಸಿದ ದೀರ್ಘಕಾಲದ ಪರಿಶೀಲನೆಯಲ್ಲಿ, ಉಬ್ಬಸವಿರುವ ಮಕ್ಕಳ ಪ್ರಮಾಣವು 1979ರಲ್ಲಿ ನೂರಕ್ಕೆ 9 ಇದ್ದುದು 1999ರ ವೇಳೆಗೆ 29.5ಕ್ಕೆ ಏರಿದ್ದಿತು. ಖಾಲಿ ನಿವೇಶನಗಳಲ್ಲಿಯೂ ರೈಲುದಾರಿಯ ಪಕ್ಕದಲ್ಲಿಯೂ ಬಿಳಿಯ ಹೂಬಿಟ್ಟು ನಿಲ್ಲುವ ಪಾರ್ಥೇನಿಯಂ ಎಂಬ ಕಾಂಗ್ರೆಸ್ ಗಿಡದ ಪರಾಗದಿಂದ ಈ ನಗರದ ಜನರಲ್ಲಿ ನೂರಕ್ಕೆ ಏಳು ಮಂದಿಯಷ್ಟು ಮೂಗಿನ ಅಲರ್ಜಿಯನ್ನು ಅನುಭವಿಸುತ್ತಿರುವರೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1991ರಲ್ಲಿ ಪ್ರಕಟಿಸಿದ್ದರು. ಇವುಗಳ ಮೇಲೆ ಯಶವಂತಪುರದ ಮಾರುಕಟ್ಟೆಗೆ ಬರುವ ಲಾರಿಗಳ ಹೊಗೆ, ಬಳ್ಳಾರಿ ರಸ್ತೆಯ ಧೂಳು, ಹೊಸ ಕಟ್ಟಡಗಳ ಸಿಮೆಂಟು. ಹೊರಗಿನ ಗಾಳಿಯನ್ನು ಗೃಹಸ್ಥನೊಬ್ಬನು ತಿದ್ದಲಾರನು. ಮಲಗುವ ಕೋಣೆಯ ಗಾಳಿಯನ್ನಾದರೂ ತಿದ್ದಬಹುದು. ಮನೆಯೊಳಗೆ ಬೀಡಿ ಸಿಗರೇಟುಗಳನ್ನು ಸೇದುವುದು ಮಕ್ಕಳ ಗೊರಕೆಯನ್ನು ಹೆಚ್ಚಿಸುವುದೆಂಬುದು ಸಿದ್ಧವಾದ ಸಂಗತಿ. ಕಿಟಕಿಗಳನ್ನು ಮುಚ್ಚಿ ಸೊಳ್ಳೆಬತ್ತಿಯನ್ನು ಉರಿಸುವುದಕ್ಕಿಂತ ಸೊಳ್ಳೆಪರದೆಯು ಉತ್ತಮ. ಹಾಸಿಗೆ ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕತಕ್ಕದ್ದು.

ಮೈಯಲ್ಲಿ ಕೊಬ್ಬು ಹೆಚ್ಚಿರುವ ಮಕ್ಕಳಿಗೂ, ಕಿರಿದಾದ ಗಲ್ಲ ಅಥವಾ ಸೀಳಂಗುಳು ಇರುವವರಿಗೂ, ಸ್ನಾಯುಗಳ ದೌರ್ಬಲ್ಯವಿರುವವರಿಗೂ ಈ ರೋಗದ ಸಂಭವ ಅಧಿಕ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗಂತೂ, ಗೊರಕೆಯಿರಲಿ ಇಲ್ಲದಿರಲಿ, ನಾಲ್ಕು ವರ್ಷ ತುಂಬುವುದರೊಳಗಾಗಿ ಒಮ್ಮೆ ನಿದ್ರಾಪರೀಕ್ಷೆಯನ್ನು ಮಾಡಿಸಬೇಕೆಂದು ಮೇಲೆ ಹೇಳಿದ ಅಮೆರಿಕದ ಸಂಘವು ಸೂಚಿಸಿರುವುದು.

ಇನ್ನು ತಾಯ್ತಂದೆಗಳು ಮಾಡತಕ್ಕ ಕೆಲಸ. ಮಕ್ಕಳು ಹಿರಿಯರ ಮಗ್ಗುಲಲ್ಲಿಯೇ ಮಲಗುವುದು ನಮ್ಮ ಮನೆಗಳ ರೂಢಿಯಾದುದರಿಂದ ಇದು ಸುಲಭ. ಮಗುವು ನಿದ್ರಿಸಿ ಒಂದೆರಡು ಗಂಟೆಗಳಾದ ಮೇಲೆ ಒಮ್ಮೆ, ಬೆಳಗಿನ ಜಾವದಲ್ಲಿ ಒಮ್ಮೆ, ಹತ್ತು ನಿಮಿಷ ಕುಳಿತು ಅದರ ಉಸಿರನ್ನು ಕೇಳಬೇಕು. ಎದೆ ಏಳುತ್ತಿರುವಾಗಲೇ ಸದ್ದು ನಿಲ್ಲುವುದೋ, ನಿಂತರೆ ಎಷ್ಟು ಹೊತ್ತು, ಹೇಗೆ ಮರಳಿ ಬರುವುದು ಎಂಬುದನ್ನು ಗುರುತುಹಾಕಿಕೊಳ್ಳಬೇಕು. ಇಂದು ಎಲ್ಲರ ಕೈಯಲ್ಲಿಯೂ ಮೊಬೈಲ್ ಫೋನು ಇರುವುದಷ್ಟೆ. ಮಗುವಿನ ಮುಖವೂ ಎದೆಯೂ ಕಾಣುವಂತೆ ಎರಡು ಮೂರು ನಿಮಿಷಗಳ ವಿಡಿಯೋ ತೆಗೆದರೆ ವೈದ್ಯರಿಗೆ ಅದು ಬಹಳ ಉಪಕಾರಿಯಾಗುವುದು. ಎರಡು ವಾರಗಳಲ್ಲಿ ಗೊರಕೆ ಬಂದ ರಾತ್ರಿಗಳೆಷ್ಟು, ನೆಗಡಿಯಿದ್ದ ದಿನಗಳೆಷ್ಟು ಎಂಬುದನ್ನು ಬರೆದಿಟ್ಟುಕೊಳ್ಳುವುದೂ ಒಳ್ಳೆಯದು. ಮಗುವು ಹೊರಳಾಡುವುದೆಂದು ನಿದ್ರೆ ತರಿಸುವ ಔಷಧವನ್ನು ತಾವಾಗಿ ಎಂದಿಗೂ ಕೊಡಕೂಡದು; ಗಂಟಲಿನ ಸ್ನಾಯುಗಳು ಅದರಿಂದ ಇನ್ನಷ್ಟು ಸಡಿಲವಾಗಬಹುದು.

ಈ ಟಿಪ್ಪಣಿಯೊಡನೆ ಮೊದಲು ಮಕ್ಕಳ ವೈದ್ಯರನ್ನು, ಅವರ ಸಲಹೆಯಂತೆ ಕಿವಿ ಮೂಗು ಗಂಟಲಿನ ವೈದ್ಯರನ್ನು ಕಾಣಬೇಕು. ಹೆಬ್ಬಾಳದ ಬಳ್ಳಾರಿ ರಸ್ತೆಯಲ್ಲಿ 1973ರಿಂದ ನಡೆದುಬಂದಿರುವ ಬ್ಯಾಪ್ಟಿಸ್ಟ್ ಆಸ್ಪತ್ರೆ, ಮತ್ತಿಕೆರೆಯ ಬಳಿಯ ರಾಮಯ್ಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಮಲ್ಲೇಶ್ವರದ ಸರ್ಕಾರಿ ಕೆ. ಸಿ. ಜನರಲ್ ಆಸ್ಪತ್ರೆ ಮೊದಲಾದವು ಈ ಭಾಗದ ಜನರಿಗೆ ಸಮೀಪದಲ್ಲಿಯೇ ಇರುವುವು. ಟಾನ್ಸಿಲ್ ದೊಡ್ಡದಾಗಿ ಕಂಡಮಾತ್ರಕ್ಕೆ ರೋಗವು ತೀವ್ರವೆಂದಾಗಲಿ, ಚಿಕ್ಕದಾಗಿದ್ದರೆ ರೋಗವಿಲ್ಲವೆಂದಾಗಲಿ ಹೇಳುವಂತಿಲ್ಲ. ನಿಶ್ಚಯವಾಗಿ ತಿಳಿಯುವ ಉಪಾಯವು ಪಾಲಿಸಾಮ್ನೋಗ್ರಫಿ ಎಂಬ ನಿದ್ರಾಪರೀಕ್ಷೆ. ಮಗುವು ತಾಯಿಯೊಡನೆ ಒಂದು ರಾತ್ರಿ ಪರೀಕ್ಷೆಯ ಕೋಣೆಯಲ್ಲಿ ಮಲಗುವುದು. ತಲೆಗೆ, ಎದೆಗೆ, ಮೂಗಿನ ಬಳಿ, ಬೆರಳಿಗೆ ಅಂಟಿಸಿದ ತಂತಿಗಳು ಉಸಿರನ್ನೂ, ಆಮ್ಲಜನಕವನ್ನೂ, ನಿದ್ರೆಯ ಹಂತಗಳನ್ನೂ ಬರೆದಿಡುವುವು. ಸೂಜಿಯಿಲ್ಲ, ನೋವಿಲ್ಲ. ದೊಡ್ಡವರಿಗೆ ಈ ಪರೀಕ್ಷೆ ನಡೆಯುವ ಕಡೆಯಲ್ಲೆಲ್ಲ ಮಕ್ಕಳಿಗೂ ನಡೆಯುವುದೆಂದು ಎಣಿಸಬಾರದು. ಮೊದಲೇ ವಿಚಾರಿಸಿಕೊಂಡು ಹೋಗುವುದು ಲೇಸು.

ರೋಗವಿದೆಯೆಂದು ತಿಳಿದರೆ ಎಲ್ಲರಿಗೂ ಶಸ್ತ್ರಚಿಕಿತ್ಸೆಯೇ ಎಂದಲ್ಲ. ರೋಗವು ಸೌಮ್ಯವಾಗಿದ್ದು ಮೂಗಿನ ಅಲರ್ಜಿಯಿದ್ದರೆ, ವೈದ್ಯರು ಕೆಲವು ವಾರಗಳ ಕಾಲ ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಔಷಧವನ್ನು ಕೊಟ್ಟು ನೋಡುವರು. ಅಮೆರಿಕದಲ್ಲಿ 5ರಿಂದ 9 ವರ್ಷದ 464 ಮಕ್ಕಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ದೊಡ್ಡ ಪರೀಕ್ಷೆಯೊಂದರಲ್ಲಿ, ಕೆಲವರಿಗೆ ಬೇಗನೆ ಗ್ರಂಥಿಗಳನ್ನು ತೆಗೆದು, ಮಿಕ್ಕವರನ್ನು ಏಳು ತಿಂಗಳು ಎಚ್ಚರಿಕೆಯಿಂದ ಗಮನಿಸುತ್ತ ಬಂದರು. ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ 79 ಮಂದಿಯ ನಿದ್ರಾಪರೀಕ್ಷೆಯು ಸರಿಹೋಯಿತು. ಸುಮ್ಮನೆ ಗಮನಿಸಲ್ಪಟ್ಟವರಲ್ಲಿಯೂ 46 ಮಂದಿಯದು ಸರಿಹೋಯಿತು. ಗಮನಶಕ್ತಿಯನ್ನು ಅಳೆದ ಪರೀಕ್ಷೆಯಲ್ಲಿ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂತಹ ಅಂತರವು ಕಾಣದಿದ್ದರೂ, ನಡತೆ, ನಿದ್ರೆ, ದಿನನಿತ್ಯದ ಸುಖ ಇವುಗಳಲ್ಲಿ ಶಸ್ತ್ರಚಿಕಿತ್ಸೆಯಾದವರು ಮೇಲಾದರು. ಇದರಿಂದ ತಿಳಿಯತಕ್ಕುದೇನೆಂದರೆ, ಅತಿ ತೀವ್ರವಲ್ಲದ ರೋಗದಲ್ಲಿ ಕಾಯುವುದು ತಪ್ಪಲ್ಲ. ಆದರೆ ವೈದ್ಯರ ಕಣ್ಣಿನಡಿಯಲ್ಲಿ ಕಾಯುವುದು ಬೇರೆ, ಗೊತ್ತಿಲ್ಲದೆ ಕಾಲ ಕಳೆಯುವುದು ಬೇರೆ.

ಗ್ರಂಥಿಗಳನ್ನು ತೆಗೆದರೆ ಮಗುವಿಗೆ ರೋಗನಿರೋಧಕ ಶಕ್ತಿಯೇ ಹೋಗುವುದೆಂಬ ಭಯವು ಅನೇಕರಿಗುಂಟು. ಅವುಗಳ ಕೆಲಸವನ್ನು ಮಾಡುವ ಬೇರೆ ಗ್ರಂಥಿಗಳು ದೇಹದಲ್ಲಿ ಬೇಕಾದಷ್ಟಿರುವುವು. ಹಾಗೆಂದು ಶಸ್ತ್ರಚಿಕಿತ್ಸೆಯನ್ನು ಹಗುರವಾಗಿಯೂ ಎಣಿಸಕೂಡದು. ಅರಿವಳಿಕೆ ಕೊಡುವ ವೈದ್ಯರಿಗೆ ಮಗುವಿಗೆ ಉಸಿರುಕಟ್ಟಿನ ರೋಗವಿರುವುದನ್ನು ತಪ್ಪದೆ ತಿಳಿಸಬೇಕು. ಮೂರು ವರ್ಷದೊಳಗಿನ ಮಕ್ಕಳನ್ನೂ ರೋಗವು ತೀವ್ರವಾಗಿರುವವರನ್ನೂ ಆ ರಾತ್ರಿ ಆಸ್ಪತ್ರೆಯಲ್ಲಿಯೇ ಇರಿಸಿಕೊಳ್ಳುವುದು ಕ್ರಮ. ಗಂಟಲುನೋವು ಒಂದೆರಡು ವಾರ ಇರುವುದು. ನೀರು, ತಣ್ಣನೆಯ ಗಂಜಿ, ಮೊಸರನ್ನ ಮೊದಲಾದ ಮೆತ್ತನೆಯ ಆಹಾರವನ್ನು ಮತ್ತೆ ಮತ್ತೆ ಕೊಡಬೇಕು. ಮೊದಲ ದಿನದಲ್ಲಿಯೂ, ಅನಂತರ ಸುಮಾರು ಐದರಿಂದ ಹತ್ತನೆಯ ದಿನದವರೆಗೂ ರಕ್ತಸ್ರಾವದ ಭಯವಿರುವುದರಿಂದ, ಬಾಯಲ್ಲಿ ಕೆಂಪು ರಕ್ತವು ಕಂಡರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಹೋಗತಕ್ಕದ್ದು. ನೋವಿಗೆ ಕೋಡೀನ್ ಬೆರೆತ ಔಷಧವನ್ನು ಈ ಮಕ್ಕಳಿಗೆ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2013ರಲ್ಲಿ ಕಟ್ಟುನಿಟ್ಟಾಗಿ ಎಚ್ಚರಿಸಿರುವುದು; ಉಸಿರನ್ನು ಅದು ಕುಗ್ಗಿಸಬಲ್ಲುದು. ಚಿಕಿತ್ಸೆಯಾದ ಮೇಲೆಯೂ ಗೊರಕೆಯು ಉಳಿದರೆ ಮರಳಿ ಪರೀಕ್ಷಿಸಬೇಕು. ಅಂತಹವರಿಗೆ, ವಿಶೇಷವಾಗಿ ಸ್ಥೂಲದೇಹದವರಿಗೆ, ಮೈತೂಕವನ್ನು ಇಳಿಸುವುದರಿಂದಲೂ, ಮುಖವಾಡದ ಮೂಲಕ ಗಾಳಿಯನ್ನೊತ್ತಿ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರದಿಂದಲೂ ಗುಣವುಂಟು. ಅಂಗುಳು ಕಿರಿದಾಗಿರುವವರಿಗೆ ಅದನ್ನು ಅಗಲಿಸುವ ಸಾಧನವನ್ನು ದಂತವೈದ್ಯರು ಅಳವಡಿಸುವುದೂ ಉಂಟು.

ನಿದ್ರೆಯಲ್ಲಿ ಮಗುವಿನ ತುಟಿಯು ನೀಲಿಯಾದರೆ, ಎಬ್ಬಿಸಿದರೂ ಸುಲಭವಾಗಿ ಏಳದಿದ್ದರೆ, ಎಚ್ಚರವಿರುವಾಗಲೂ ಉಸಿರಿಗೆ ಕಷ್ಟಪಡುತ್ತಿದ್ದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮಿಕ್ಕ ಸಂದರ್ಭಗಳಲ್ಲಿ ಗಾಬರಿಗೆ ಕಾರಣವಿಲ್ಲ. ಮಗುವಿಗೆ ತನ್ನ ನಿದ್ರೆಯ ಕಷ್ಟವು ತಿಳಿಯದು. ತಿಳಿಯದುದನ್ನು ಅದು ಹೇಳಲಾರದು. ಅದರ ಪರವಾಗಿ ಹೇಳಬಲ್ಲವರು ರಾತ್ರಿ ಅದರ ಪಕ್ಕದಲ್ಲಿರುವ ತಾಯ್ತಂದೆಗಳೂ ಅಜ್ಜಿತಾತಂದಿರೂ ಮಾತ್ರ. ಸೋಮಾರಿ, ತುಂಟ, ದಡ್ಡ ಎಂಬ ಹೆಸರುಗಳನ್ನು ಮಗುವಿಗೆ ಇಡುವುದಕ್ಕೆ ಮುಂಚೆ ಅದರ ಉಸಿರನ್ನು ಒಂದು ರಾತ್ರಿಯಾದರೂ ಕುಳಿತು ಕೇಳಬೇಕೆಂದು ನಮ್ಮ ವಾಚಕರನ್ನು ಪ್ರಾರ್ಥಿಸುವೆವು.